ಖಾಲಿ ಬಿಟ್ಟ ಮೂರು ಗೆರೆ

(ಸ್ತ್ರೀಯರ ಬೈಬಲ್ ಅಧ್ಯಯನ ಗುಂಪುಗಳನ್ನು ನಡೆಸುವವರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ "ವರ್ಕ್‌ಬುಕ್ ಅಧ್ಯಯನವನ್ನು ಯಶಸ್ವಿಯಾಗಿ ನಡೆಸುವುದು ಹೇಗೆ" ಅಂತ. ಕೇಳಿದ ಕೂಡಲೇ ನಗು ಬಂತು. ಇದುವರೆಗೆ ನಾನು ಐದು ವರ್ಕ್‌ಬುಕ್ ಶುರು ಮಾಡಿದ್ದೇನೆ, ಮುಗಿಸಿದ್ದು ಮೂರು. ಒಂದು ನಾಲ್ಕನೇ ವಾರಕ್ಕೆ ನಿಂತಿತು. ಇನ್ನೊಂದರಲ್ಲಿ ಮೊದಲ ಹತ್ತು ಪುಟ ದಾಟಿದರೆ ಎಲ್ಲ ಬಿಳಿ. ಹಾಗಾಗಿ ಯಶಸ್ಸಿನ ಮಾತು ಬೇಡ. ಏನೇನಾಯಿತು ಅಂತ ಹೇಳ್ತೀನಿ, ಆಗಬಹುದಾ?

ಮೊದಲು ಒಂದು ತಪ್ಪೊಪ್ಪಿಗೆ. ಈ ಪುಸ್ತಕಗಳಲ್ಲಿ ವಾರಕ್ಕೆ ಐದು ದಿನದ ಪಾಠ ಇರುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತು ಓದಬೇಕು, ಪ್ರಶ್ನೆಗೆ ಉತ್ತರ ಬರೆಯಬೇಕು, ವಾರದ ಕೊನೆಗೆ ಗುಂಪಿನಲ್ಲಿ ಸೇರಿ ಮಾತಾಡಬೇಕು. ನಾನು ಏನು ಮಾಡ್ತಿದ್ದೆ ಅಂದರೆ, ಕೂಟದ ಹಿಂದಿನ ರಾತ್ರಿ ಕೂತು ಐದೂ ದಿನದ್ದನ್ನು ಒಂದೇ ಉಸಿರಿಗೆ ಬರೆಯುತ್ತಿದ್ದೆ. ಅದು ಸಾಲದು ಅಂತ ಎರಡು ಪೆನ್ನು ಇಟ್ಟುಕೊಂಡಿದ್ದೆ. ಸೋಮವಾರದ್ದು ನೀಲಿ, ಮಂಗಳವಾರದ್ದು ಕಪ್ಪು, ಬುಧವಾರ ಮತ್ತೆ ನೀಲಿ. ಪಕ್ಕದಲ್ಲಿ ಕೂತವರು ಇಣುಕಿದರೆ ದಿನಾ ಬರೆದ ಹಾಗೆ ಕಾಣಬೇಕಲ್ಲ! ದೇವರ ವಾಕ್ಯ ಓದುವುದರಲ್ಲೂ ಇಂಥ ಕಳ್ಳಾಟ. ಆಗ ಗುಂಪು ನಡೆಸುತ್ತಿದ್ದವಳೂ ನಾನೇ.

ನಗ್ತಿದ್ದೀರಿ. ಅಂದರೆ ಇಲ್ಲೂ ಎರಡು ಪೆನ್ನಿನವರು ಇದ್ದೀರಿ ಅಂತಾಯ್ತು.

ವರ್ಕ್‌ಬುಕ್ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಮೂರು ಜಾತಿ. ಒಂದು, ಬೈಬಲಿನ ವಚನದಲ್ಲಿ ಏನಿದೆ ಅಂತ ನೋಡುವುದು. ಯಾರು ಹೋದರು, ಎಲ್ಲಿಗೆ ಹೋದರು, ಎಷ್ಟು ವರ್ಷ ಇದ್ದರು. ಎರಡನೆಯದು, ಅದರ ಅರ್ಥ ಏನು. ಮೂರನೆಯದು, ಇದು ನಿನ್ನ ಜೀವನಕ್ಕೆ ಹೇಗೆ ಹೊಂದುತ್ತದೆ. ಮೊದಲನೆಯದಕ್ಕೆ ಎಲ್ಲರ ಉತ್ತರವೂ ಒಂದೇ. ಹನ್ನೊಂದು ಜನ ಹನ್ನೊಂದು ಸಲ "ಮೋವಾಬ್ ದೇಶಕ್ಕೆ" ಅಂತ ಓದಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಮೂರನೆಯದರಲ್ಲಿ ಬೇರೆ ಬೇರೆ ಉತ್ತರ ಬರಬೇಕು, ಆದರೆ ಬರುತ್ತಿರಲಿಲ್ಲ. ಯಾಕಂದರೆ ನಮ್ಮೆಲ್ಲರ ಹತ್ತಿರ ಯಾವ ಬೀಗಕ್ಕಾದರೂ ಆಗುವ ಮೂರು ಬೀಗದ ಕೈ ಇದ್ದವು: ಹೆಚ್ಚು ಪ್ರಾರ್ಥನೆ ಮಾಡಬೇಕು, ನಂಬಿಕೆ ಇಡಬೇಕು, ವಿಧೇಯಳಾಗಿರಬೇಕು. ಪ್ರಶ್ನೆ ಬೈಬಲಿನ ಹಾಗರಳ ಬಗ್ಗೆ ಇರಲಿ, ಹನ್ನಳ ಬಗ್ಗೆ ಇರಲಿ, ಈ ಮೂರರಲ್ಲಿ ಒಂದು ಹಾಕಿದರೆ ಗೆರೆ ತುಂಬುತ್ತದೆ. ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ. ತಪ್ಪೂ ಅಲ್ಲ. ಆದರೆ ಬರೆದವಳು ಯಾರು ಅಂತ ಆ ಉತ್ತರ ನೋಡಿ ಗೊತ್ತಾಗುವುದಿಲ್ಲ.

ಗೆರೆಯ ಬಗ್ಗೆಯೂ ಒಂದು ಮಾತು ಇದೆ. ಮೂರು ಗೆರೆ ಕೊಟ್ಟರೆ ನಾವು ಮೂರು ಗೆರೆಯಷ್ಟೇ ಯೋಚಿಸುತ್ತೇವೆ. ಗಮನಿಸಿದ್ದೀರಾ?

ಆ ವರ್ಷ ನಮ್ಮದು ಎಂಟು ವಾರದ ಪುಸ್ತಕ, ಬೈಬಲಿನ ಸ್ತ್ರೀಯರ ಮೇಲೆ. ಮೂರನೇ ವಾರಕ್ಕೆ ರೂತಳ ಪುಸ್ತಕ ಬಂತು. ಕಥೆ ನಿಮಗೆ ಗೊತ್ತು. ಬರ ಬಂದು ನೊವೊಮಿ ಗಂಡನ ಜೊತೆ, ಇಬ್ಬರು ಗಂಡುಮಕ್ಕಳ ಜೊತೆ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋಗುತ್ತಾಳೆ. ಅಲ್ಲಿ ಗಂಡ ತೀರಿಕೊಳ್ಳುತ್ತಾನೆ. ಮಕ್ಕಳಿಗೆ ಮದುವೆಯಾಗುತ್ತದೆ. ಸುಮಾರು ಹತ್ತು ವರ್ಷದ ಹೊತ್ತಿಗೆ ಆ ಮಕ್ಕಳೂ ಇಲ್ಲ. ಸೊಸೆ ರೂತಳ ಜೊತೆ ವಾಪಸ್ ಬರುತ್ತಾಳೆ. ನಮ್ಮ ಪುಸ್ತಕ ನಾಲ್ಕನೇ ದಿನಕ್ಕೆ ಹೀಗೆ ಕೇಳಿತ್ತು: ದೇವರು ನಿಮ್ಮ ದುಃಖವನ್ನು ಸಂತೋಷವಾಗಿ ಹೇಗೆ ಮಾರ್ಪಡಿಸಿದರು? ಕೆಳಗೆ ಮೂರು ಗೆರೆ.

ಒಬ್ಬೊಬ್ಬರಾಗಿ ಓದುತ್ತಾ ಬಂದೆವು. ಒಬ್ಬರಿಗೆ ಕೆಲಸ ಹೋಗಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತ್ತು. ಇನ್ನೊಬ್ಬರಿಗೆ ಕಾಯಿಲೆ ವಾಸಿಯಾಗಿತ್ತು. ನನ್ನದೂ ಅಂಥದ್ದೇ ಒಂದು, ಕಪ್ಪು ಪೆನ್ನಿನಲ್ಲಿ ಬರೆದದ್ದು. ಆಮೇಲೆ ಒಬ್ಬ ಅಕ್ಕನ ಸರದಿ. ಅವರು ಪುಸ್ತಕ ತೆರೆದು ನೋಡಿದರು. "ನಾನು ಬರೆದಿಲ್ಲ" ಅಂದರು. ಪರವಾಗಿಲ್ಲ, ಬಾಯಲ್ಲೇ ಹೇಳಿ ಅಂದೆ. "ಸಮಯ ಇರಲಿಲ್ಲ ಅಂತಲ್ಲ. ನನಗೆ ಮಾರ್ಪಟ್ಟಿಲ್ಲ" ಅಂದರು. ಅಷ್ಟೇ. ಆ ಅಕ್ಕನ ಮಗ ತೀರಿಕೊಂಡು ಆಗ ಎರಡು ವರ್ಷ.

ಆ ಹೊತ್ತಿಗೆ ನಾವು ಏನು ಮಾಡಿದೆವು ಅನ್ನುವುದನ್ನು ನಿಧಾನವಾಗಿ ಹೇಳಬೇಕು. ಈ ಭಾಷಣದಲ್ಲಿ ನಿಜವಾಗಿ ಹೇಳಬೇಕಾದದ್ದು ಇದೊಂದೇ.

ಮೊದಲು ಎಲ್ಲರೂ ಸುಮ್ಮನಾದರು. ನನ್ನ ಅಂದಾಜಿನಲ್ಲಿ ಐದು ಸೆಕೆಂಡ್ ಇರಬಹುದು. ಆ ಐದು ಸೆಕೆಂಡ್ ನಮಗೆ ತಡೆಯಲಿಕ್ಕೆ ಆಗಲಿಲ್ಲ. ಒಬ್ಬರು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ 28ನೇ ವಚನ ಹೇಳಿದರು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿಯೇ ಆಗುತ್ತದೆ ಅನ್ನುವುದು. ಇನ್ನೊಬ್ಬರು "ಅವನು ಕರ್ತನ ಹತ್ತಿರ ಇದ್ದಾನೆ ಅಕ್ಕ" ಅಂದರು. ನಾನು? ನನ್ನ ಮಡಿಲಲ್ಲಿ ನಡೆಸುವವರ ಕೈಪಿಡಿ ಇತ್ತು. ಪ್ರಶ್ನೆಗೆ ಯಾರೂ ಉತ್ತರ ಹೇಳದಿದ್ದರೆ ಓದಲಿಕ್ಕೆ ಅಂತ ಅದರಲ್ಲಿ ಒಂದು ಮಾದರಿ ಉತ್ತರ ಇರುತ್ತದಲ್ಲ, ಅದನ್ನು ಓದಿದೆ. ಗಟ್ಟಿಯಾಗಿ, ಸ್ಪಷ್ಟವಾಗಿ, ಪೂರ್ತಿ ಓದಿದೆ. ಅಕ್ಕ ತಲೆಯಾಡಿಸಿದರು. ಮುಂದಿನ ಪ್ರಶ್ನೆಗೆ ಹೋದೆವು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಪ್ರಶ್ನೆಯ ಮೇಲೆ. ಮಾರ್ಪಡಿಸಿದರೇ ಅಂತ ಕೇಳಿಲ್ಲ, ಹೇಗೆ ಮಾರ್ಪಡಿಸಿದರು ಅಂತ ಕೇಳಿದೆ. ಉತ್ತರ ಮೊದಲೇ ಒಳಗೆ ಕೂತಿದೆ. ಇಲ್ಲ ಅನ್ನುವವಳಿಗೆ ಅಲ್ಲಿ ಜಾಗವೇ ಇಲ್ಲ. ಆಮೇಲೆ ಸಿಟ್ಟು ನನ್ನ ಮೇಲೇ ತಿರುಗಿತು. ಪುಸ್ತಕಕ್ಕೆ ಕಿವಿ ಇಲ್ಲ, ಅದು ಮುಖ ನೋಡಿ ಮಾತಾಡಲಾರದು. ನನಗೆ ಇತ್ತಲ್ವಾ?

ಆ ವಾರ ಮೊದಲ ಸಲ ನಾನು ವರ್ಕ್‌ಬುಕ್ ಮುಚ್ಚಿಟ್ಟು ರೂತಳ ಪುಸ್ತಕವನ್ನು ಒಂದೇ ಸಲಕ್ಕೆ ಓದಿದೆ. ನಾಲ್ಕೇ ಅಧ್ಯಾಯ, 85 ವಚನ. ಗಟ್ಟಿಯಾಗಿ ಓದಿದರೂ ಕಾಲು ಗಂಟೆಯ ಮೇಲೆ ಸ್ವಲ್ಪ ಆಗಬಹುದು. ಅದನ್ನು ನಾವು ಐದು ದಿನಕ್ಕೆ ತುಂಡು ಮಾಡಿ ಓದುತ್ತಿದ್ದೆವು. ಅಂದಹಾಗೆ, ಈಗ ನಾವು ನೋಡುವ ಅಧ್ಯಾಯ ವಿಭಾಗ ಬಂದದ್ದೇ 13ನೇ ಶತಮಾನದಲ್ಲಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಹಾಕಿ ಮೊದಲು ಅಚ್ಚು ಮಾಡಿದ್ದು ರೊಬೇರ್ ಎತಿಯೆನ್ ಅನ್ನುವ ಫ್ರೆಂಚ್ ಮುದ್ರಕ, 1551ರಲ್ಲಿ. ಬರೆದವರು ಯಾರೂ ನಂಬರ್ ಹಾಕಿ ಬರೆದಿರಲಿಲ್ಲ. ನಂಬರ್ ಇಲ್ಲದ ಹಾಗೆ ಓದಿದಾಗಲೇ ನನಗೆ ಕಂಡದ್ದು ಇದು.

ನೊವೊಮಿ ಊರಿಗೆ ಬಂದಾಗ ಊರೆಲ್ಲ ಗದ್ದಲ. ಹೆಂಗಸರು "ಇವಳು ನೊವೊಮಿಯಾ?" ಅಂತ ಕೇಳುತ್ತಾರೆ. ಅವಳು ಹೇಳುತ್ತಾಳೆ, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ. ನೊವೊಮಿ ಅಂದರೆ ಸವಿ, ಮಾರಾ ಅಂದರೆ ಕಹಿ. ತುಂಬಿಕೊಂಡು ಹೋದೆ, ಕರ್ತನು ನನ್ನನ್ನು ಬರಿಗೈಲಿ ತಂದಿದ್ದಾನೆ ಅನ್ನುತ್ತಾಳೆ. ಪಕ್ಕದಲ್ಲಿ ರೂತಳು ನಿಂತಿದ್ದಾಳೆ! ಆ ಹುಡುಗಿ ಎಲ್ಲವನ್ನೂ ಬಿಟ್ಟು ಬಂದಿದ್ದಾಳೆ, ಆದರೂ ಅತ್ತೆ ಬರಿಗೈ ಅನ್ನುತ್ತಿದ್ದಾಳೆ. ನಾನಾಗಿದ್ದರೆ ಕೈಪಿಡಿ ತೆಗೆದು "ನೋಡಮ್ಮ, ಸೊಸೆ ಇದ್ದಾಳಲ್ಲ" ಅಂತ ಓದಿಬಿಡುತ್ತಿದ್ದೆ.

ಬೆತ್ಲೆಹೇಮಿನ ಆ ಹೆಂಗಸರು ಏನು ಉತ್ತರ ಕೊಟ್ಟರು? ಹುಡುಕಿ ನೋಡಿ. ಇಲ್ಲ. ಒಂದು ಮಾತೂ ಇಲ್ಲ. ನೊವೊಮಿಯ ಮಾತು ಮುಗಿದ ಕೂಡಲೇ ಕಥೆ, ಅವರು ಬಂದದ್ದು ಜವೆಗೋಧಿಯ ಸುಗ್ಗಿ ಶುರುವಾಗುವ ಹೊತ್ತಿಗೆ ಅಂತ ಹೇಳಿ ಮುಂದೆ ಹೋಗುತ್ತದೆ. ಯಾರೂ ಅವಳನ್ನು ತಿದ್ದಲಿಲ್ಲ. ದೇವರ ಬಗ್ಗೆ ಹಾಗೆಲ್ಲ ಅನ್ನಬಾರದು ಅಂತ ಹೇಳಲಿಲ್ಲ. ಇನ್ನೊಂದು, ಪುಸ್ತಕದ ಕೊನೆಯವರೆಗೂ ಅವಳನ್ನು ಯಾರೂ ಮಾರಾ ಅಂತಲೂ ಕರೆಯುವುದಿಲ್ಲ.

ಆ ಹೆಂಗಸರು ಮತ್ತೆ ಬಾಯಿ ತೆರೆಯುವುದು ನಾಲ್ಕನೇ ಅಧ್ಯಾಯದಲ್ಲಿ. ರೂತಳಿಗೆ ಮಗು ಹುಟ್ಟಿದ ಮೇಲೆ. ಸುಗ್ಗಿ ಮುಗಿದು, ಬೋವಜ ಅನ್ನುವ ಹೊಲದೊಡೆಯನ ಜೊತೆ ಅವಳ ಮದುವೆಯಾಗಿ, ಮಗುವಾಗುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ ಆಗಿರಬೇಕು. ಆಗ ಅವರು ಹೇಳುತ್ತಾರೆ, ನಿನ್ನನ್ನು ಪ್ರೀತಿಸುವ ಈ ಸೊಸೆ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಅಂತ. ಅವತ್ತು ಬಾಗಿಲಲ್ಲಿ ಹೇಳಬಹುದಾಗಿದ್ದ ಮಾತು. ಹೇಳಲಿಲ್ಲ, ಕಾದರು. ಹೇಳಿದ ಮೇಲೂ ನೊವೊಮಿ ಏನೂ ಉತ್ತರ ಕೊಡುವುದಿಲ್ಲ. ಮೂರನೇ ಅಧ್ಯಾಯದ ಕೊನೆಯ ವಚನದ ನಂತರ ಈ ಪುಸ್ತಕದಲ್ಲಿ ನೊವೊಮಿಗೆ ಮಾತೇ ಇಲ್ಲ. ಮಗುವನ್ನು ಎತ್ತಿ ಎದೆಗೆ ಇಟ್ಟುಕೊಳ್ಳುತ್ತಾಳೆ, ಅಷ್ಟೇ. ಸಾಕ್ಷಿ ಹೇಳಲಿಲ್ಲ. ದುಃಖ ಸಂತೋಷವಾಯಿತು ಅಂತ ಅವಳ ಬಾಯಿಂದ ಎಲ್ಲೂ ಬರುವುದಿಲ್ಲ. ಆ ಮಗುವಿಗೆ ಓಬೇದ ಅಂತ ಹೆಸರಿಟ್ಟದ್ದೂ ನೆರೆಯ ಹೆಂಗಸರೇ. ಅರಸ ದಾವೀದನ ಅಜ್ಜ ಅವನು.

ನನಗೆ ಅನಿಸಿದ್ದು, ಇದು ನಮ್ಮಂಥದ್ದೇ ಒಂದು ಸ್ತ್ರೀಯರ ಗುಂಪು ಅಂತ. ಅವರ ಹತ್ತಿರ ಕೈಪಿಡಿ ಇರಲಿಲ್ಲ, ನಮಗಿಂತ ಚೆನ್ನಾಗಿ ನಡೆಸಿದರು.

ಅಕ್ಕನಿಗೆ ಫೋನ್ ಮಾಡಿದೆ. ಕ್ಷಮಿಸಿ ಅಂದೆ. "ಯಾಕೆ?" ಅಂದರು. ಅವತ್ತು ಉತ್ತರ ಓದಿಬಿಟ್ಟೆನಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಿದ್ದು ಚೆನ್ನಾಗಿತ್ತು, ಕೇಳುವವಳು ನಾನಾಗಿರಲಿಲ್ಲ" ಅಂದರು. ಆರನೇ ವಾರಕ್ಕೆ ಬಂದರು. ನಾನು ಅವರಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಬೈಬಲಿನ ಪ್ರಾರ್ಥನಾಗೀತೆಗಳಲ್ಲಿ ಒಂದಾದ 88ನೆಯ ಕೀರ್ತನೆ ಓದಿದೆವು. ಕೀರ್ತನೆಗಳಲ್ಲಿ ಗೋಳಾಟ ಬೇಕಾದಷ್ಟಿದೆ, ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ನಿಲ್ಲುತ್ತದೆ. ಓದಿ ಮುಗಿದ ಮೇಲೆ ಯಾರೂ ಆಮೆನ್ ಅನ್ನಲಿಲ್ಲ. ಆ ಅಕ್ಕನೇ ನಿಧಾನವಾಗಿ ಅಂದರು.

ಇದಾದ ಮೇಲೆ ನಮ್ಮ ಗುಂಪಿನಲ್ಲಿ ಎರಡು ಬದಲಾವಣೆ ಆದವು. ವರ್ಕ್‌ಬುಕ್ ತೆರೆಯುವ ಮೊದಲು ಆ ವಾರದ ಭಾಗವನ್ನು ಯಾರಾದರೂ ಪೂರ್ತಿ ಗಟ್ಟಿಯಾಗಿ ಓದಬೇಕು. ಮತ್ತೆ, ಖಾಲಿ ಬಿಟ್ಟ ಪ್ರಶ್ನೆಯನ್ನೂ ಹೇಳಬಹುದು: "ಇದನ್ನು ಬಿಟ್ಟಿದ್ದೇನೆ" ಅಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಇದರಿಂದ ಸೋಮಾರಿಗಳಿಗೆ ಅನುಕೂಲ ಆಯಿತು ಅನ್ನುವ ಆಕ್ಷೇಪವೂ ಬಂತು. ಬಂದದ್ದು ಸರಿಯೇ, ನನಗೂ ಅನುಕೂಲ ಆಯಿತು. ಆದರೆ ಎರಡನೇ ಪೆನ್ನು ಬೇಕಾಗಲಿಲ್ಲ.

ಏಳನೇ ವಾರ ಬೈಬಲಿನ ಜ್ಞಾನೋಕ್ತಿ ಪುಸ್ತಕದ 31ನೇ ಅಧ್ಯಾಯ. ಗುಣವತಿಯಾದ ಸತಿ. ಇಲ್ಲಿ ಯಾರೋ ನಿಟ್ಟುಸಿರು ಬಿಟ್ಟಿರಿ, ಕೇಳಿಸಿತು. ನಮ್ಮ ಪುಸ್ತಕದಲ್ಲಿ ಅವಳ ಗುಣಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ನಮಗೆ ನಾವೇ ಅಂಕ ಹಾಕಿಕೊಳ್ಳಿ ಅಂತ ಇತ್ತು. ಅಂಕ! ನಾನು ಕೂಡಿಸಿ ನೋಡಿದೆ, ಪಾಸ್ ಆಗಲಿಲ್ಲ. ಗುಂಪಿನಲ್ಲಿ ಒಬ್ಬರು ಚಿಕ್ಕ ವಯಸ್ಸಿನವರು, ಎರಡು ಪುಟ್ಟ ಮಕ್ಕಳ ತಾಯಿ. ಅವರು ಪೆನ್ಸಿಲ್ ಹಿಡಿದು ಎರಡು ವಚನಕ್ಕೆ ಗೆರೆ ಎಳೆದಿದ್ದರು. 15ನೇ ವಚನದಲ್ಲಿ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ. 18ನೇ ವಚನದಲ್ಲಿ ರಾತ್ರಿ ಅವಳ ದೀಪ ಆರುವುದಿಲ್ಲ. "ಹಾಗಾದರೆ ಇವಳು ಮಲಗುವುದು ಯಾವಾಗ ಆಂಟಿ?" ಅಂತ ಕೇಳಿದರು. ಅಷ್ಟು ನಕ್ಕಿದ್ದು ನಮ್ಮ ಗುಂಪಿನಲ್ಲಿ ಅದೇ ಮೊದಲು.

ನಕ್ಕ ಮೇಲೆ ಕೂತು ನೋಡಿದೆವು. ಅದು 22 ವಚನಗಳ ಒಂದು ಪದ್ಯ. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ. ನಮ್ಮಲ್ಲಿ ಅ ಆ ಇ ಈ ಕ್ರಮದಲ್ಲಿ ಹಾಡು ಕಟ್ಟಿದ ಹಾಗೆ. ಒಬ್ಬಳ ದಿನಚರಿ ಅಲ್ಲ ಅದು, ಹೊಗಳಿಕೆಯ ಹಾಡು. ಮತ್ತೆ ಅಧ್ಯಾಯದ ಶುರುವಿಗೆ ಹೋಗಿ ನೋಡಿದರೆ ಲೆಮೂವೇಲ ಅನ್ನುವ ಅರಸನಿಗೆ ಅವನ ತಾಯಿ ಕಲಿಸಿದ ಮಾತುಗಳು ಅಂತ ಇದೆ. ಅಂದರೆ ಅಧ್ಯಾಯ ಶುರುವಾಗುವುದು ಮಗನಿಗೆ ಹೇಳಿದ ಬುದ್ಧಿಮಾತಿನಿಂದ. ನಾವೋ ಅದನ್ನು ಹೆಣ್ಣುಮಕ್ಕಳ ಅಂಕಪಟ್ಟಿ ಮಾಡಿಕೊಂಡು ಕೂತಿದ್ದೇವೆ.

ಅಲ್ಲಿಗೇ ಮುಗಿಯಲಿಲ್ಲ. ಕನ್ನಡದಲ್ಲಿ ಗುಣವತಿ ಅನ್ನುವ ಕಡೆ ಹೀಬ್ರೂವಿನಲ್ಲಿ ಇರುವ ಪದ "ಹಯಿಲ್". ಬಲ, ಪರಾಕ್ರಮ ಅನ್ನುವ ಅರ್ಥದ ಪದ, ಸೈನ್ಯಕ್ಕೂ ಬಳಸುತ್ತಾರೆ. ಇಸ್ರಾಯೇಲ್ಯರ ನಾಯಕ ಗಿದ್ಯೋನನನ್ನು ದೇವದೂತನು ಪರಾಕ್ರಮಶಾಲಿ ಅಂತ ಕರೆಯುವಾಗಲೂ ಇದೇ ಪದ ಇದೆ. ಇನ್ನು "ಹಯಿಲ್ ಇರುವ ಹೆಂಗಸು" ಅಂತ ಬೋವಜನು ಹೇಳುವುದು ಯಾರಿಗೆ? ರೂತಳಿಗೆ, ಮೂರನೇ ಅಧ್ಯಾಯ 11ನೇ ವಚನ. ಆಗ ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತ ಹೊಲವಿಲ್ಲ. ಬೇರೆಯವರ ಹೊಲದಲ್ಲಿ ಉಳಿದ ತೆನೆ ಆಯ್ದು ಬದುಕುತ್ತಿದ್ದಾಳೆ. ಜ್ಞಾನೋಕ್ತಿಯ ಪಟ್ಟಿ ಹಿಡಿದು ಅಂಕ ಹಾಕಿದರೆ ಅರ್ಧಕ್ಕರ್ಧ ಸೊನ್ನೆ. ಹೀಬ್ರೂ ಬೈಬಲಿನ ಹಲವು ಪ್ರತಿಗಳಲ್ಲಿ ಜ್ಞಾನೋಕ್ತಿ ಮುಗಿದ ಕೂಡಲೇ ಬರುವುದು ರೂತಳ ಪುಸ್ತಕವೇ. ಹಾಡು ಮುಗಿದ ಮೇಲೆ ಪುಟ ತಿರುಗಿಸಿದರೆ ಅವಳು ಸಿಗುತ್ತಾಳೆ. ಇದನ್ನು ಹೇಳಿದಾಗ ಆ ಚಿಕ್ಕವರು ಅಂಕದ ಪುಟವನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು, ತುಂಬಾ ಹೊತ್ತು ಉಜ್ಜಿದರು.

ಮಾರ್ಥ, ಮರಿಯರ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ನೀವು ಮಾರ್ಥಳೋ ಮರಿಯಳೋ?" ಅನ್ನುವ ಪ್ರಶ್ನೆ ನನಗೆ ಸಾಕಾಗಿದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮಾರ್ಥಳು ಮನೆಗೆಲಸದಲ್ಲಿ ಮುಳುಗಿದ್ದಾಳೆ, ಅವಳ ಸಹೋದರಿ ಮರಿಯಳು ಯೇಸುವಿನ ಪಾದದ ಹತ್ತಿರ ಕೂತು ಕೇಳುತ್ತಿದ್ದಾಳೆ; ಅಲ್ಲಿಗೇ ನಿಂತುಬಿಡಬೇಡಿ, ಯೋಹಾನನ ಸುವಾರ್ತೆಯ 11ನ್ನೂ ಓದಿ. ಅಲ್ಲಿ ಮರಿಯಳು ಮನೆಯಲ್ಲೇ ಕೂತಿರುತ್ತಾಳೆ, ಎದ್ದು ಹೋಗಿ ಯೇಸುವನ್ನು ಎದುರುಗೊಂಡು "ನೀನೇ ಕ್ರಿಸ್ತನು, ದೇವಕುಮಾರನು" ಅಂತ ಬಾಯಿಬಿಟ್ಟು ಹೇಳುವವಳು ಮಾರ್ಥಳು.

ಪ್ರಾರ್ಥನಾ ವಿಷಯಗಳ ಬಗ್ಗೆ ಹೇಳದೆ ಹೋದರೆ ಮೋಸವಾಗುತ್ತದೆ. ಕೂಟದ ಕೊನೆಗೆ ಎಲ್ಲರೂ ತಮ್ಮ ತಮ್ಮ ಪ್ರಾರ್ಥನಾ ವಿಷಯ ಹೇಳುತ್ತೇವಲ್ಲ. ಒಬ್ಬರು ತಮ್ಮ ಸಂಸಾರದ ಕಷ್ಟ ಹೇಳಿಕೊಂಡರು. ನಾನು ಅದನ್ನು ಗುಂಪಿನ ಹೊರಗಿನ ಒಬ್ಬರಿಗೆ ಹೇಳಿದೆ. "ಅವರಿಗಾಗಿ ಪ್ರಾರ್ಥನೆ ಮಾಡಿ" ಅಂತ ಸೇರಿಸಿಯೇ ಹೇಳಿದೆ. ಅದನ್ನು ಸೇರಿಸಿದರೆ ಚಾಡಿ ಚಾಡಿಯಾಗಿ ಉಳಿಯುವುದಿಲ್ಲ ಅನ್ನುವ ಭ್ರಮೆ ನಮಗೆ. ಹದಿನೈದು ದಿನದಲ್ಲಿ ಸುತ್ತಿ ಬಳಸಿ ಅವರ ಕಿವಿಗೇ ಬಿತ್ತು. ಅವರು ನನ್ನನ್ನು ಕೇಳಲಿಲ್ಲ, ಗುಂಪಿನಲ್ಲಿ ಮಾತಾಡುವುದನ್ನು ನಿಲ್ಲಿಸಿದರು. ಎಂಟನೇ ವಾರದವರೆಗೂ ಬಂದರು, ಪ್ರತಿ ಸಲ "ಎಲ್ಲರ ಆರೋಗ್ಯಕ್ಕಾಗಿ" ಅಂತ ಒಂದೇ ವಿಷಯ ಹೇಳಿದರು. ಹೋಗಿ ತಪ್ಪೊಪ್ಪಿಕೊಂಡೆ. ಕ್ಷಮಿಸಿದ್ದಾರೆ. ಆದರೆ ಮೊದಲಿನ ಹಾಗೆ ಮಾತಾಡುವುದಿಲ್ಲ, ನಾನೂ ಅದನ್ನು ನಿರೀಕ್ಷಿಸುವುದಿಲ್ಲ. ಈಗ ಮೊದಲ ದಿನವೇ ನಿಯಮ ಹೇಳುತ್ತೇನೆ: ಇಲ್ಲಿ ಕೇಳಿದ್ದನ್ನು ಪ್ರಾರ್ಥನೆಯ ನೆಪದಲ್ಲೂ ಹೊರಗೆ ಹೇಳುವಂತಿಲ್ಲ. ಹೇಳುವಾಗ, ಈ ನಿಯಮ ಯಾರಿಂದ ಬಂತು ಅಂತಲೂ ಹೇಳುತ್ತೇನೆ.

ಸಮಯ ಆಗುತ್ತಾ ಬಂತು. ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಅವನ್ನೂ ಇಲ್ಲೇ ಬರೆದುಬಿಡುತ್ತೇನೆ.

ಒಬ್ಬರು ಕೇಳಿದರು, ಗುಂಪಿನಲ್ಲಿ ಓದು ಬರಹ ಬಾರದವರು ಇದ್ದರೆ ವರ್ಕ್‌ಬುಕ್ ಇಟ್ಟುಕೊಂಡು ಏನು ಮಾಡುವುದು? ನಮ್ಮಲ್ಲಿ ಒಬ್ಬರು ಹಿರಿಯಮ್ಮ ಹಾಗಿದ್ದರು. ಪುಸ್ತಕ ಕೊಂಡಿದ್ದರು, ಎಲ್ಲರ ಹಾಗೆ ತೆರೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಬರೆಯುತ್ತಿರಲಿಲ್ಲ. ಮೂರು ವಾರ ನನಗೆ ಗೊತ್ತೇ ಆಗಲಿಲ್ಲ, ಕನ್ನಡಕ ಮರೆತಿದ್ದೇನೆ ಅನ್ನುತ್ತಿದ್ದರು. ಗಟ್ಟಿಯಾಗಿ ಓದುವ ಪದ್ಧತಿ ಶುರುವಾದ ಮೇಲೆ ಕನ್ನಡಕದ ಮಾತು ನಿಂತಿತು. ಯಾರಾದರೂ ಓದಿ ಹೇಳುತ್ತಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾಲ್ಕನೇ ಅಧ್ಯಾಯದಲ್ಲಿ ನೊವೊಮಿ ಮಾತಾಡುವುದಿಲ್ಲ ಅಂತ ಹೇಳಿದೆನಲ್ಲ, ಅದನ್ನು ಮೊದಲು ಗಮನಿಸಿದ್ದು ಅವರು. "ಅವಳ ಧ್ವನಿ ಆಮೇಲೆ ಬರಲೇ ಇಲ್ಲವಲ್ಲ" ಅಂದರು. ಪೆನ್ನು ಹಿಡಿದ ನಾವು ಯಾರೂ ನೋಡಿರಲಿಲ್ಲ. ಬೈಬಲಿನ ನೆಹೆಮೀಯನ ಪುಸ್ತಕದ 8ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಬಲ್ಲ ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಗಂಡಸರು, ಹೆಂಗಸರು, ಕೇಳಿ ತಿಳಿಯಬಲ್ಲವರೆಲ್ಲ ಅಲ್ಲಿದ್ದರು ಅಂತಿದೆ. ದೇವಾಲಯದ ಸೇವೆ ಮಾಡುವ ಕುಲದ ಲೇವಿಯರು ಜನರ ನಡುವೆ ಅರ್ಥ ಬಿಡಿಸಿ ಹೇಳುತ್ತಾರೆ. ಕೇಳುತ್ತಿದ್ದ ಜನರ ಕೈಯಲ್ಲಿ ಪುಸ್ತಕ ಇತ್ತು ಅಂತ ಇಲ್ಲ.

ಇನ್ನೊಬ್ಬರು ಕೇಳಿದ್ದು, ಆ ಅಕ್ಕ ಕೊನೆಗೆ ಆ ಮೂರು ಗೆರೆ ತುಂಬಿದರಾ ಅಂತ.

ಗೊತ್ತಿಲ್ಲ. ಕೇಳಿಲ್ಲ. ಅವರು ಈಗಲೂ ಗುಂಪಿಗೆ ಬರುತ್ತಾರೆ. ಬರುವ ವಾರ ಹೊಸ ಪುಸ್ತಕ ಶುರು, ಮೊದಲ ದಿನ ಗಟ್ಟಿಯಾಗಿ ಓದುವ ಸರದಿ ಅವರದ್ದು.